ಒಡೆದ ಪೊಟ್ಟಣದ ಬಾಯಿ ಕಟ್ಟುವವರು ಯಾರು?

ನಿಮ್ಮ ಅಡುಗೆಮನೆಯ ಕಪಾಟಿನಲ್ಲಿರುವ ರಟ್ಟಿನ ಪೆಟ್ಟಿಗೆಗಳನ್ನು ಒಮ್ಮೆ ಕೆಳಗಿಳಿಸಿ ನೋಡಿ. ಕಸ್ಟರ್ಡ್ ಪುಡಿ, ಕಾರ್ನ್‌ಫ್ಲೋರ್, ಇಸಬಗೋಲ್, ಮಗುವಿನ ಹಾಲಿನ ಪುಡಿಯ ರೀಫಿಲ್, ಯಾವುದೇ ಇರಲಿ, ಒಳಗೊಂದು ಪ್ಲಾಸ್ಟಿಕ್ ಪೊಟ್ಟಣ, ಹೊರಗೊಂದು ರಟ್ಟಿನ ಪೆಟ್ಟಿಗೆ. ಅಂಗಡಿಯಿಂದ ತಂದ ದಿನ ಎರಡೂ ಚೊಕ್ಕವಾಗಿರುತ್ತವೆ. ಒಮ್ಮೆ ಕತ್ತರಿ ಹಾಕಿದರೆ ಮುಗಿಯಿತು. ಪೆಟ್ಟಿಗೆಯ ಮೇಲ್ಭಾಗ ಹರಿದು ನಿಲ್ಲುತ್ತದೆ, ಪೊಟ್ಟಣದ ಬಾಯಿ ಒಳಕ್ಕೆ ಕುಸಿಯುತ್ತದೆ, ಪುಡಿ ಪೊಟ್ಟಣದಿಂದ ಪೆಟ್ಟಿಗೆಗೆ, ಪೆಟ್ಟಿಗೆಯ ತಳದ ಸಂದಿನಿಂದ ಕಪಾಟಿಗೆ ಇಳಿಯುತ್ತದೆ. ಆಮೇಲೆ ಇರುವೆ, ಜಿರಳೆ. ರಬ್ಬರ್ ಬ್ಯಾಂಡು, ಬಟ್ಟೆ ಕ್ಲಿಪ್ಪು ಹುಡುಕುವ ಕೆಲಸ ಮನೆಯವರದು.

ಬೆಂಗಳೂರಿನ ಪೀಣ್ಯದ ಮುದ್ರಣಾಲಯವೊಂದರಲ್ಲಿ ಇಂಥ ಪೆಟ್ಟಿಗೆಗಳ ಕೀಲೈನ್ ಬರೆಯುವುದು ನನ್ನ ಕೆಲಸ. ರಟ್ಟನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಕೆಯ ಗೆರೆ ಬೀಳಬೇಕು, ಎಲ್ಲಿ ಅಂಟು ಹಚ್ಚಬೇಕು ಎಂದು ತೋರಿಸುವ ನಕ್ಷೆ ಅದು. ಅದರಂತೆ ಖಾಲಿ ರಟ್ಟಿನಲ್ಲಿ ಒಂದು ಡಮ್ಮಿ ಮಾಡಿ ಕಂಪನಿಯವರಿಗೆ ಕೊಡುತ್ತೇವೆ. ಅವರು ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ. ಅಂಗಡಿಯಲ್ಲಿ ಎದ್ದು ಕಾಣುತ್ತದೆಯೇ? ತುಂಬುವ ಯಂತ್ರದಲ್ಲಿ ಸಿಕ್ಕಿಕೊಳ್ಳದೆ ಓಡುತ್ತದೆಯೇ? ಒಂದು ಶೀಟಿನಲ್ಲಿ ಎಷ್ಟು ಪೆಟ್ಟಿಗೆಗಳ ನಕ್ಷೆ ಕೂರುತ್ತದೆ? ಲಾರಿಯಲ್ಲಿ ಜಜ್ಜದೆ ಊರು ಮುಟ್ಟುತ್ತದೆಯೇ? ಎಲ್ಲವೂ ಸರಿಯಾದ ಪ್ರಶ್ನೆಗಳೇ. ಆದರೆ ಒಡೆದ ಮೇಲೆ ಇದನ್ನು ಮುಚ್ಚುವುದು ಹೇಗೆ ಎಂದು ನಾನು ಕೇಳಿದಾಗ ಬರುವ ಉತ್ತರ ಒಂದೇ: "ಮೇಡಂ, ಮನೆಗೆ ಹೋದ್ಮೇಲೆ ಅವರವರ ಡಬ್ಬಕ್ಕೆ ಹಾಕ್ಕೋತಾರೆ ಬಿಡಿ."

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಕಸ್ಟರ್ಡ್ ಪುಡಿಯನ್ನು ಯಾರೂ ಒಂದೇ ದಿನದಲ್ಲಿ ಖಾಲಿ ಮಾಡುವುದಿಲ್ಲ. ಹಬ್ಬಕ್ಕೆ ಎರಡು ಚಮಚ, ನೆಂಟರು ಬಂದಾಗ ಮೂರು ಚಮಚ, ಹೀಗೆ ತಿಂಗಳುಗಟ್ಟಲೆ ಅದು ಮನೆಯಲ್ಲಿರುತ್ತದೆ. ಒಡೆದ ಮೇಲಿನ ಆ ದಿನಗಳೇ ಪೊಟ್ಟಣ ನಿಜವಾಗಿ ಬಳಕೆಯಾಗುವ ದಿನಗಳು. ಆ ದಿನಗಳಿಗೆ ಒದಗದ ಪೊಟ್ಟಣವನ್ನು ಕೊಟ್ಟವರು ಅರ್ಧ ಕೆಲಸ ಮಾಡಿದ್ದಾರೆ. ಹಿಂದೆ ಶೆಟ್ಟರ ಅಂಗಡಿಯಲ್ಲಿ ಸಕ್ಕರೆಯನ್ನೋ ಕಡಲೆಯನ್ನೋ ಪೇಪರಿನಲ್ಲಿ ಕಟ್ಟಿ, ತೂಗುಹಾಕಿದ ಉಂಡೆಯಿಂದ ದಾರ ಎಳೆದು ಸುತ್ತಿ ಕೊಡುತ್ತಿದ್ದರು. ಮನೆಗೆ ತಂದು, ದಾರ ಬಿಚ್ಚಿ, ಬೇಕಾದಷ್ಟು ತೆಗೆದುಕೊಂಡು, ಅದೇ ದಾರದಿಂದ ಮತ್ತೆ ಬಾಯಿ ಕಟ್ಟಬಹುದಿತ್ತು. ಮುಚ್ಚುವ ಸಾಧನ ಪೊಟ್ಟಣದ ಜೊತೆಗೇ ಬರುತ್ತಿತ್ತು.

ಪೆಟ್ಟಿಗೆಯೊಳಗೆ ಪೊಟ್ಟಣ ಇಡುವ ಪದ್ಧತಿ ಜೋರಾದದ್ದು ಅಮೆರಿಕದಲ್ಲಿ, 1890ರ ದಶಕದ ಕೊನೆಯಲ್ಲಿ. ಅಲ್ಲಿಯವರೆಗೆ ಬಿಸ್ಕತ್ತುಗಳನ್ನು ಪೀಪಾಯಿಯಲ್ಲಿಟ್ಟು ಬಿಡಿಯಾಗಿ ಮಾರುತ್ತಿದ್ದರು. ತೇವ ತಾಗಿ ಅವು ಮೆತ್ತಗಾಗುತ್ತಿದ್ದವು. 1898ರಲ್ಲಿ ಹುಟ್ಟಿದ ನ್ಯಾಷನಲ್ ಬಿಸ್ಕಿಟ್ ಕಂಪನಿ ತನ್ನ ಯುನೀಡಾ ಬಿಸ್ಕತ್ತನ್ನು ಮೇಣದ ಕಾಗದದಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರಿತು. ಮೇಣದ ಕಾಗದಕ್ಕೆ ಒಂದು ಗುಣವಿದೆ: ಮಡಿಸಿದರೆ ಮಡಿಸಿದ ಹಾಗೇ ಕೂರುತ್ತದೆ. ಅಲ್ಯುಮಿನಿಯಂ ಹಾಳೆಯೂ ಹಾಗೆಯೇ. ಈಗ ಬಹುಪಾಲು ಪೊಟ್ಟಣಗಳಲ್ಲಿರುವುದು ಪಾಲಿಯೆಸ್ಟರ್ ಪದರ. ಬೆಳ್ಳಿಯಂತೆ ಹೊಳೆಯುವ ಎಷ್ಟೋ ಪೊಟ್ಟಣಗಳಲ್ಲಿ ಅಲ್ಯುಮಿನಿಯಂ ಹಾಳೆ ಇರುವುದಿಲ್ಲ, ಪಾಲಿಯೆಸ್ಟರಿನ ಮೇಲೆ ಲೋಹದ ತೆಳು ಲೇಪ ಮಾತ್ರ ಇರುತ್ತದೆ. ಅದು ಅಗ್ಗ, ಹಗುರ, ತೇವವನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಮಡಿಸಿ ಕೈ ಬಿಟ್ಟ ತಕ್ಷಣ ಸುರುಳಿ ಬಿಚ್ಚಿಕೊಳ್ಳುತ್ತದೆ. ನೀವು ಎಷ್ಟೇ ನಾಜೂಕಾಗಿ ಮಡಿಸಿಟ್ಟರೂ ಮರುದಿನ ಬಾಯಿ ತೆರೆದುಕೊಂಡಿರುವುದು ಇದರಿಂದಲೇ. ಮಡಿಸಿದಂತೆ ತಾನಾಗಿ ಕೂರದ ವಸ್ತುವನ್ನು ಒಳಗೆ ತಂದ ಮೇಲೆ, ಅದನ್ನು ಹಿಡಿದಿಡುವ ಜವಾಬ್ದಾರಿ ಹೊರಗಿನ ಪೆಟ್ಟಿಗೆಗೆ ಬರಬೇಕಿತ್ತು. ಬರಲಿಲ್ಲ.

ಇಸಬಗೋಲ್ ವಿಚಾರದಲ್ಲಿ ಇದು ಬರೀ ಕಿರಿಕಿರಿಯಲ್ಲ, ಅಪಾಯ. ಗುಜರಾತಿನ ಉಂಝಾ, ಸಿದ್ಧಪುರದ ಕಡೆಯ ಗಿರಣಿಗಳಿಂದ ದೇಶಕ್ಕೆಲ್ಲ ಬರುವ ಈ ಹೊಟ್ಟು ಗಾಳಿಗೆ ಹಾರುವಷ್ಟು ಹಗುರ. ಮಲಬದ್ಧತೆಗೆಂದು ಇದನ್ನು ರಾತ್ರಿ ಮಲಗುವ ಮುಂಚೆ ನೀರಿಗೆ ಹಾಕಿಕೊಂಡು ಕುಡಿಯುವವರು ಹೆಚ್ಚಾಗಿ ವಯಸ್ಸಾದವರು. ನನ್ನ ಅತ್ತೆಯ ಬೆರಳುಗಳ ಗಿಣ್ಣು ಸಂಧಿವಾತದಿಂದ ಊದಿಕೊಂಡಿವೆ. ಮಂದ ಬೆಳಕಿನಲ್ಲಿ ಅವರು ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು, ಇನ್ನೊಂದು ಕೈಯ ಚಮಚವನ್ನು ಕುಸಿದ ಪೊಟ್ಟಣದ ಬಾಯಿಗೆ ತೂರಿಸಲು ಹೆಣಗುತ್ತಾರೆ. ಅರ್ಧ ಲೋಟಕ್ಕೆ, ಅರ್ಧ ನೆಲಕ್ಕೆ. ಈ ಹೊಟ್ಟು ನೀರು ತಾಗಿದ ಕೂಡಲೇ ಉಬ್ಬಿ ಲೋಳೆಯಾಗುತ್ತದೆ. ಅದರ ಔಷಧಿ ಗುಣ ಇರುವುದೂ ಅದರಲ್ಲೇ. ಲೋಟದಲ್ಲಿ ಆಗಬೇಕಾದದ್ದು ನೆಲದ ಮೇಲೆ ಆದರೆ, ರಾತ್ರಿ ಬಚ್ಚಲಿಗೆ ಎದ್ದವರ ಕಾಲು ಜಾರುತ್ತದೆ. ಎಪ್ಪತ್ತು ದಾಟಿದವರ ಸೊಂಟದ ಮೂಳೆ ಮುರಿದರೆ ಏನಾಗುತ್ತದೆ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. "ಇದಕ್ಕೊಂದು ಮುಚ್ಚಳ ಮಾಡೋಕಾಗಲ್ವೇನಮ್ಮ? ನೀನು ಮಾಡೋದು ಇದೇ ಕೆಲಸ ಅಲ್ವಾ?" ಎಂದು ಅತ್ತೆ ಕೇಳಿದರು. ಮಾಡಲು ಆಗುತ್ತದೆ.

ಇನ್ನು ಮಗುವಿನ ಹಾಲಿನ ಪುಡಿ. ಎದೆಹಾಲು ಸಾಲದೆ ವೈದ್ಯರು ಇದನ್ನು ಬರೆದುಕೊಟ್ಟಾಗ ತವರದ ಡಬ್ಬಿ ದುಬಾರಿಯೆಂದು ರೀಫಿಲ್ ಪೆಟ್ಟಿಗೆ ಕೊಳ್ಳುವವರು ಬಹಳ. ಈ ಪುಡಿ ಕ್ರಿಮಿರಹಿತವಲ್ಲ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ 70 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ನೀರಿನಲ್ಲಿ ಕದಡಬೇಕೆಂದು ಹೇಳಿದೆ. ಅಷ್ಟು ಜೋಪಾನ ಬೇಕಾದ ಪುಡಿಯ ಬಾಯಿ ತೆರೆದೇ ಇರುತ್ತದೆ. ಅಳತೆ ಚಮಚ ಪುಡಿಯಲ್ಲಿ ಹೂತುಹೋಗಿ, ಅದನ್ನು ಹುಡುಕಲು ಬೆರಳು ಒಳಗಿಳಿಯುತ್ತದೆ. ನಡುರಾತ್ರಿ ಅಳುವ ಮಗುವನ್ನು ಒಂದು ತೋಳಿನಲ್ಲಿ ಎತ್ತಿಕೊಂಡ ತಾಯಿಗೆ ಉಳಿಯುವುದು ಒಂದೇ ಕೈ. ಆ ಒಂದು ಕೈಯಲ್ಲಿ ತೆರೆಯಲು, ಮುಚ್ಚಲು ಬರುವಂತೆ ಪೆಟ್ಟಿಗೆ ಇರಬೇಕು ಎಂದು ಕೇಳುವುದು ಅತಿಯಾಸೆಯಲ್ಲ.

ಹಾಗಾದರೆ ಡಬ್ಬಕ್ಕೆ ಸುರಿದುಕೊಂಡರೆ ತೊಂದರೆಯೇನು? "ತೆರೆದ ನಂತರ ಗಾಳಿಯಾಡದ ಡಬ್ಬಿಗೆ ವರ್ಗಾಯಿಸಿ" ಎಂದು ಎಷ್ಟೋ ಪೆಟ್ಟಿಗೆಗಳ ಮೇಲೇ ಬರೆದಿರುತ್ತದೆ. ಸುರಿದುಕೊಂಡ ಕೂಡಲೇ ರಟ್ಟು ಕಸದ ಬುಟ್ಟಿಗೆ ಹೋಗುತ್ತದೆ. ಅದರೊಂದಿಗೆ ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ, ಅಲರ್ಜಿಯ ಎಚ್ಚರಿಕೆ, ಎಷ್ಟು ಚಮಚಕ್ಕೆ ಎಷ್ಟು ನೀರು ಎಂಬ ಲೆಕ್ಕ, ಎಲ್ಲವೂ ಹೋಗುತ್ತವೆ. ಮಗುವಿಗೆ ವಾಂತಿಭೇದಿಯಾಗಿ ವೈದ್ಯರು "ಯಾವ ಪುಡಿ, ಯಾವಾಗ ಒಡೆದಿರಿ" ಎಂದು ಕೇಳಿದರೆ ಉತ್ತರಿಸಲು ಏನೂ ಉಳಿದಿರುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಕಾರ್ನ್‌ಫ್ಲೋರ್ ಬಿಳಿ, ಅಡುಗೆ ಸೋಡಾ ಬಿಳಿ, ಜಿರಳೆಗೂ ಕೇರಂ ಬೋರ್ಡಿಗೂ ಹಾಕುವ ಬೋರಿಕ್ ಪುಡಿಯೂ ಬಿಳಿ. ಹೆಸರಿಲ್ಲದ ಡಬ್ಬಿಗಳಲ್ಲಿ ಈ ಮೂರನ್ನೂ ಒಂದೇ ಸಾಲಿನಲ್ಲಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಮಾಹಿತಿ ಇರುವ ಪೆಟ್ಟಿಗೆಯಲ್ಲೇ ಪದಾರ್ಥ ಕೊನೆಯ ಚಮಚದವರೆಗೂ ಉಳಿಯಬೇಕು. ಹೊರಗಿನ ಪೆಟ್ಟಿಗೆ ಇರುವುದು ಬಣ್ಣದ ಚಿತ್ರ ತೋರಿಸಲು ಮಾತ್ರ ಎಂದಾದರೆ ಅಷ್ಟು ರಟ್ಟನ್ನು ಯಾಕೆ ಹಾಳು ಮಾಡಬೇಕು?

ಝಿಪ್ ಹಾಕಿದ ಪೊಟ್ಟಣ ತಂದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಡೆನ್ಮಾರ್ಕಿನ ಬೋರ್ಗ್ ಮ್ಯಾಡ್ಸೆನ್ ರೂಪಿಸಿದ ಪ್ಲಾಸ್ಟಿಕ್ ಝಿಪ್ಪಿನ ಹಕ್ಕನ್ನು ಕೊಂಡು ಬೆಳೆಸಿದವರು ರುಮೇನಿಯಾದಿಂದ ಅಮೆರಿಕಕ್ಕೆ ಹೋದ ಸ್ಟೀವನ್ ಔಸ್ನಿಟ್ ಮತ್ತು ಅವರ ಮನೆಯವರು. 1968ರಲ್ಲಿ ಡೌ ಕಂಪನಿಯ ಝಿಪ್‌ಲಾಕ್ ಚೀಲಗಳು ಅಲ್ಲಿಯ ಅಡುಗೆಮನೆಗಳಿಗೆ ಬಂದವು. ಗೋಡಂಬಿ, ಖರ್ಜೂರ, ದ್ರಾಕ್ಷಿಗೆ ಅದು ಒಳ್ಳೆಯ ಉಪಾಯ. ನುಣ್ಣನೆಯ ಪುಡಿಗೆ ಅಷ್ಟಾಗಿ ಒಗ್ಗುವುದಿಲ್ಲ. ಚಮಚ ಹೊರಗೆ ಬರುವಾಗ ಪುಡಿ ಝಿಪ್ಪಿನ ಸಂದಿಗೆ ಬಿದ್ದು ಕೂರುತ್ತದೆ, ಆಮೇಲೆ ಅದು ಕಚ್ಚುವುದಿಲ್ಲ. ಪುಡಿಗೆಂದೇ ಮಾಡಿದ ಝಿಪ್ಪುಗಳಿವೆ, ಅವುಗಳಿಗೆ ಇನ್ನೂ ಹೆಚ್ಚು ಪ್ಲಾಸ್ಟಿಕ್ ಬೇಕು. ಬೇರೆ ಬೇರೆ ಪದರಗಳನ್ನು ಅಂಟಿಸಿದ ಈ ಪ್ಲಾಸ್ಟಿಕ್ಕನ್ನು ಬಿಡಿಸಿ ಮರುಬಳಕೆ ಮಾಡುವುದು ಬಹಳ ಕಷ್ಟ. ಇರುವ ಪ್ಲಾಸ್ಟಿಕ್ಕೇ ಕೆರೆ, ಚರಂಡಿ ತುಂಬಿರುವಾಗ ಮತ್ತಷ್ಟು ಸೇರಿಸುವುದು ನನಗೆ ಸಮ್ಮತವಲ್ಲ. ಹೊರಗೆ ರಟ್ಟು ಇದ್ದೇ ಇದೆ. ಅದರ ಕೈಯಲ್ಲಿ ಕೆಲಸ ಮಾಡಿಸೋಣ.

ರಟ್ಟಿಗೆ ಅದು ಸಾಧ್ಯವೆಂದು ಸಿಗರೇಟು ಪ್ಯಾಕು ಬಹಳ ಹಿಂದೆಯೇ ತೋರಿಸಿದೆ. ಹೊರಗೆ ಹಿಂಬದಿಯಲ್ಲಿ ಮಡಿಕೆಯುಳ್ಳ ಮುಚ್ಚಳ, ಒಳಗೆ ಬೆಳ್ಳಿ ಕಾಗದ, ಎರಡರ ನಡುವೆ ರಟ್ಟಿನದೇ ಒಂದು ಒಳಚೌಕಟ್ಟು. ಮುಚ್ಚಳ ಹಾಕಿದಾಗ ಬಿಗಿಯಾಗಿ ಕೂರಿಸುವುದು ಆ ಚೌಕಟ್ಟು. ಜೇಬಿನಲ್ಲಿ ಬೆವರು, ಒತ್ತಡ ಎಲ್ಲ ತಡೆದುಕೊಂಡು ಅದು ಕೊನೆಯ ಸಿಗರೇಟಿನವರೆಗೂ ಮುಚ್ಚುತ್ತದೆ. ರೋಗ ತರುವ ವಸ್ತುವಿನ ಪೆಟ್ಟಿಗೆಗೆ ಇಷ್ಟು ತಲೆ ಖರ್ಚು ಮಾಡಿದ ಕಸುಬು ನಮ್ಮದು. ಮಗುವಿನ ಆಹಾರದ ಪೆಟ್ಟಿಗೆಗೆ ಅಷ್ಟನ್ನಾದರೂ ಮಾಡುವುದು ಬೇಡವೇ?

ನಾನು ಬರೆದಿಟ್ಟಿರುವ ಕೀಲೈನಿನಲ್ಲಿ ಯಾವ ಚಮತ್ಕಾರವೂ ಇಲ್ಲ. ಈಗಿನ ಪೆಟ್ಟಿಗೆಗಳ ಎರಡೂ ತುದಿಗೆ ಯಂತ್ರ ಅಂಟು ಹಾಕುವುದರಿಂದ ಹರಿಯದೆ ಬೇರೆ ದಾರಿಯಿಲ್ಲ. ಅದರ ಬದಲು ಮೇಲಿನಿಂದ ಸ್ವಲ್ಪ ಕೆಳಗೆ, ಮೂರು ಬದಿಗೆ ತೂತುಗೆರೆ ಕೊಡಬೇಕು. ಹಿಂಬದಿಯಲ್ಲಿ ಬರೀ ಮಡಿಕೆ. ಹೆಬ್ಬೆರಳು ಒತ್ತಿದರೆ ಮೇಲ್ಭಾಗ ಮುಚ್ಚಳವಾಗಿ ಹಿಂದಕ್ಕೆ ಬಾಗುತ್ತದೆ. ಮುಚ್ಚಳದ ಮುಂದೆ ಒಂದು ನಾಲಿಗೆ, ಎದುರಿನ ಗೋಡೆಯಲ್ಲಿ ಅದು ಕಚ್ಚಿಕೊಳ್ಳಲು ಒಂದು ಸೀಳು. ಒಳಗಿನ ಪೊಟ್ಟಣವನ್ನು ಹಿಂಗೋಡೆಗೆ ಎರಡು ಬೊಟ್ಟು ಅಂಟಿನಿಂದ ಹಿಡಿಸಿದರೆ ಅದು ಕುಸಿಯುವುದಿಲ್ಲ, ಬಗ್ಗಿಸಿದಾಗ ಜಾರಿ ಹೊರಗೂ ಬೀಳುವುದಿಲ್ಲ. ಪೊಟ್ಟಣವನ್ನು ಮೂರು ಬೆರಳಿನಷ್ಟು ಉದ್ದ ಬಿಟ್ಟರೆ ಒಂದೆರಡು ಸುತ್ತು ಮಡಿಸಲು ಜಾಗವಾಗುತ್ತದೆ. ಮುಚ್ಚಳ ಹಾಕಿ ನಾಲಿಗೆ ಕಚ್ಚಿಸಿದಾಗ ಆ ಮಡಿಕೆ ಮುಚ್ಚಳಕ್ಕೂ ಮುಂಗೋಡೆಗೂ ನಡುವೆ ಸಿಕ್ಕಿ ಒತ್ತಿಕೊಳ್ಳುತ್ತದೆ. ಬಿಚ್ಚಿಕೊಳ್ಳಲು ಪಾಲಿಯೆಸ್ಟರಿಗೆ ಎಡೆಯೇ ಇರುವುದಿಲ್ಲ. ಒಂದೇ ಪೆಟ್ಟಿಗೆಯಲ್ಲಿ ನಾಲ್ಕಾರು ಚಿಕ್ಕ ಪೊಟ್ಟಣಗಳಿದ್ದರೆ ಒಡೆದದ್ದು ನೆಟ್ಟಗೆ ನಿಲ್ಲಲು ಒಂದು ರಟ್ಟಿನ ತಡಿಕೆ ಸಾಕು.

ಖರ್ಚಿನ ಮಾತು ಬಂದೇ ಬರುತ್ತದೆ. ನಾಲಿಗೆ, ಸೀಳು, ತೂತುಗೆರೆಗೆ ರಟ್ಟು ಹೆಚ್ಚು ಬೇಕಿಲ್ಲ. ಪ್ಲೈವುಡ್ಡಿನಲ್ಲಿ ಉಕ್ಕಿನ ಪಟ್ಟಿ ಕೂರಿಸಿ ರಟ್ಟು ಕತ್ತರಿಸುವ ಡೈ ಮಾಡಿಸುವಾಗ ಇನ್ನಷ್ಟು ಪಟ್ಟಿ ಸೇರಿಸಬೇಕು, ಅಷ್ಟೆ. ಅದು ಒಂದು ಸಲದ ಖರ್ಚು. ಅಂಟಿನ ಎರಡು ಬೊಟ್ಟಿಗೆ ಯಂತ್ರದಲ್ಲಿ ಒಂದು ನಳಿಕೆ ಹೆಚ್ಚು ಬೇಕು. ನಿಜವಾಗಿ ಖರ್ಚು ಏರುವುದು ಪೊಟ್ಟಣದ ಉದ್ದಕ್ಕೆ. ಲಕ್ಷಗಟ್ಟಲೆ ಪೊಟ್ಟಣಗಳಲ್ಲಿ ಮೂರು ಬೆರಳು ಫಿಲ್ಮ್ ಎಂದರೆ ಸಣ್ಣ ಮೊತ್ತವಲ್ಲ, ಪ್ಲಾಸ್ಟಿಕ್ಕೂ ಅಷ್ಟು ಹೆಚ್ಚುತ್ತದೆ. ಆದರೂ ಝಿಪ್ಪಿಗಿಂತ ಅದು ಕಡಿಮೆ, ಮನೆಮನೆಯಲ್ಲಿ ಚೆಲ್ಲಿ, ಗಂಟುಕಟ್ಟಿ ಹಾಳಾಗುವ ಪುಡಿಯ ಮುಂದೆ ಅದು ಸಮರ್ಥನೀಯ ಎಂಬುದು ನನ್ನ ನಿಲುವು. ಹಾಳಾದ ಪುಡಿಗೆ ಗ್ರಾಹಕ ದುಡ್ಡು ಕೊಟ್ಟಾಗಿದೆ. ಆ ನಷ್ಟ ಕಂಪನಿಯ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ.

ಕಾನೂನೂ ಇಲ್ಲಿ ಮೌನವಾಗಿದೆ. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳು ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಕರ ವಿಳಾಸ, ಅಕ್ಷರದ ಎತ್ತರದವರೆಗೂ ವಿವರವಾಗಿ ಹೇಳುತ್ತವೆ. 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳು ಯಾವ ವಸ್ತು ಆಹಾರಕ್ಕೆ ತಾಗಬಹುದು ಎಂದು ಹೇಳುತ್ತವೆ. ಒಡೆದ ಪುಡಿಯ ಪೆಟ್ಟಿಗೆಯನ್ನು ಮತ್ತೆ ಮುಚ್ಚಲು ಬರಬೇಕು ಎಂಬ ಷರತ್ತು ಇವುಗಳಲ್ಲಿಲ್ಲ. ಅಂಥ ಷರತ್ತು ತರಲು ಮೊದಲು ಒಂದು ಪರೀಕ್ಷೆ ಬೇಕು. ಮೈಸೂರಿನ ಸಿಎಫ್‌ಟಿಆರ್‌ಐ ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ದೇಶಕ್ಕೆ ಕೊಟ್ಟ ಸಂಸ್ಥೆ. ಆಹಾರದ ಪ್ಯಾಕೇಜಿಂಗ್ ಬಗ್ಗೆ ಅಲ್ಲಿ ದಶಕಗಳ ಅನುಭವವಿದೆ. ಒಡೆದ ಪೆಟ್ಟಿಗೆಗೆ ಒಂದು ಪರೀಕ್ಷೆಯನ್ನು ಅದೇ ಸಂಸ್ಥೆ ರೂಪಿಸಿಕೊಡಬಹುದು. ತುಂಬಿದ, ಮುಚ್ಚಿದ ಪೆಟ್ಟಿಗೆಯನ್ನು ಎತ್ತರದಿಂದ ಬೀಳಿಸಿ ನೋಡುವ ಪರೀಕ್ಷೆ ಈಗಲೂ ಇದೆ. ಅರ್ಧ ಖಾಲಿಯಾದ ಪೆಟ್ಟಿಗೆಯನ್ನು ಮುಚ್ಚಿ, ಕಪಾಟಿನ ಎತ್ತರದಿಂದ ಅಡ್ಡ ಬೀಳಿಸಿ, ಹೊರಗೆ ಚೆಲ್ಲಿದ್ದನ್ನು ತೂಗಿ ನೋಡಿದರೆ ಆಯಿತು. ಅರವತ್ತು ದಾಟಿದ ಕೆಲವರ ಕೈಗೆ ಕೊಟ್ಟು ತೆರೆಯಿಸಿ, ಮುಚ್ಚಿಸಿ ನೋಡಬೇಕು. ಮೊದಲು ಶಿಶು ಆಹಾರ ಮತ್ತು ಔಷಧಿ ಪುಡಿಗಳಿಗೆ ಇದು ಕಡ್ಡಾಯವಾಗಲಿ, ಉಳಿದವು ಆಮೇಲೆ.

ಓದುಗರಲ್ಲಿ ನನ್ನದೊಂದು ಕೋರಿಕೆ. ಕಂಪನಿಯವರು ಡಮ್ಮಿ ಒಪ್ಪುವಾಗ ನನ್ನಂಥವರ ಮಾತಿಗಿಂತ ಕೊಳ್ಳುವವರ ದೂರಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಗ್ರಾಹಕರು ದೂರು ಹೇಳಲು ದೂರವಾಣಿ ಸಂಖ್ಯೆಯನ್ನು ಪ್ರತಿ ಪೆಟ್ಟಿಗೆಯ ಮೇಲೂ ಮುದ್ರಿಸಬೇಕೆಂದು ನಿಯಮವೇ ಇದೆ. ಪುಡಿ ಕೆಟ್ಟಿದ್ದರೆ ಮಾತ್ರ ಆ ಸಂಖ್ಯೆಗೆ ಕರೆ ಮಾಡಬೇಕು ಎಂದೇನಿಲ್ಲ. ಒಡೆದ ಮೇಲೆ ಪೆಟ್ಟಿಗೆ ಮುಚ್ಚಲಾಗುತ್ತಿಲ್ಲ, ಪುಡಿ ಚೆಲ್ಲುತ್ತಿದೆ ಎಂದು ಕನ್ನಡದಲ್ಲೇ ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ.