ಬಾಡಿಗೆಯ ಮನೆ ಕೊಳ್ಳುವ ಮುನ್ನ

ನಿವೃತ್ತಿಯ ಹಣ ಕೈಗೆ ಬಂದೊಡನೆ ಒಂದು ಮನೆ ಕೊಂಡು ಬಾಡಿಗೆಗೆ ಕೊಡಬೇಕೆಂಬ ವಿಚಾರ ನಮ್ಮ ಸಮಾಜದ ಅನೇಕ ಕುಟುಂಬಗಳಲ್ಲಿ ಮೂಡುತ್ತದೆ. ವಿಚಾರ ತಪ್ಪಲ್ಲ. ಕಾಯಕದಿಂದ ಬಂದ ಹಣವನ್ನು ಎಚ್ಚರದಿಂದ ತೊಡಗಿಸುವುದೂ ಕಾಯಕನಿಷ್ಠೆಯ ಭಾಗವೇ ಆಗಿದೆ. ಆದರೆ ಮೂವತ್ತು ವರ್ಷ ದುಡಿದು ಕೂಡಿಟ್ಟದ್ದನ್ನು ದಲ್ಲಾಳಿಯ ಒಂದು ಮಾತಿಗೆ ಒಪ್ಪಿಸುವುದು ವಿವೇಕವಲ್ಲ.

ಮೊದಲು ಲೆಕ್ಕ. ನೋಂದಣಿ, ಮುದ್ರಾಂಕದ ವೆಚ್ಚವೂ ಸೇರಿ ಒಂದು ಮನೆಗೆ 24 ಲಕ್ಷ ರೂಪಾಯಿ ಬಿದ್ದಿತೆಂದೂ, ತಿಂಗಳಿಗೆ 8,000 ಬಾಡಿಗೆ ಬರುವುದೆಂದೂ ಇಟ್ಟುಕೊಳ್ಳೋಣ. ವರ್ಷಕ್ಕೆ 96,000, ಎಂದರೆ ಶೇಕಡಾ 4. ಬಾಡಿಗೆದಾರರು ಬದಲಾಗುವಾಗ ಒಂದು ತಿಂಗಳು ಮನೆ ಖಾಲಿ ಉಳಿದರೆ 88,000. ಮನೆಕರ, ಸುಣ್ಣಬಣ್ಣ, ನಲ್ಲಿ ಮತ್ತು ಮೋಟಾರಿನ ದುರಸ್ತಿಗೆ 16,000 ಹೋದರೆ ಕೈಯಲ್ಲಿ ಉಳಿಯುವುದು 72,000. ಶೇಕಡಾ 3 ಮಾತ್ರ. ಇದರಲ್ಲಿ 12 ಲಕ್ಷ ಸಾಲವಿದ್ದು ಬಡ್ಡಿ ಶೇಕಡಾ 8 ಆಗಿದ್ದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 96,000. ಮನೆಯು ಯಜಮಾನನನ್ನು ಸಾಕುವ ಬದಲು ಯಜಮಾನನೇ ಮನೆಯನ್ನು ಸಾಕಬೇಕಾಗುತ್ತದೆ. ಆದಾಯ ತೆರಿಗೆಯಲ್ಲಿ, ಕಟ್ಟಿದ ಮನೆಕರ ಕಳೆದು ಉಳಿದ ಬಾಡಿಗೆಯ ಮೇಲೆ ಶೇಕಡಾ 30ರ ಕಡಿತ ದೊರೆಯುವುದು ನಿಜ. ಅದು ತೆರಿಗೆಯ ಭಾರವನ್ನು ಇಳಿಸುವುದೇ ಹೊರತು ಬಾರದ ಬಾಡಿಗೆಯನ್ನು ತಂದುಕೊಡುವುದಿಲ್ಲ.

ಎರಡನೆಯದು ಸ್ಥಳ. 2018ರಲ್ಲಿ ಮೂಡಲಗಿ ಹೊಸ ತಾಲೂಕಾದ ಬಳಿಕ ಅಲ್ಲಿ ನಿವೇಶನ ಕೊಳ್ಳುವ ಮಾತು ಹೆಚ್ಚಾಗಿದೆ. ತಾಲೂಕೆಂಬ ಹೆಸರು ಬಾಡಿಗೆ ಕೊಡುವುದಿಲ್ಲ. ಅಲ್ಲಿಗೆ ಬಂದು ನೆಲೆಸುವ ಶಿಕ್ಷಕರು, ಬ್ಯಾಂಕಿನವರು, ಕಚೇರಿಯ ನೌಕರರು ಕೊಡುತ್ತಾರೆ. ಆ ಓಣಿಯಲ್ಲಿ ಈಗ ಎಷ್ಟು ಮನೆಗಳಿಗೆ ಬೀಗ ಬಿದ್ದಿದೆ, ನಿಜವಾಗಿ ಎಷ್ಟು ಬಾಡಿಗೆ ನಡೆದಿದೆ ಎಂಬುದನ್ನು ಮಾರುವವನಲ್ಲಿ ಅಲ್ಲ, ಅಲ್ಲಿ ವಾಸಿಸುವ ಬಾಡಿಗೆದಾರರಲ್ಲಿಯೇ ಕೇಳಬೇಕು.

ಗೋಕಾಕದಲ್ಲಿ ಮನೆ ನೋಡುವವರು ನೀರಿನ ಗುರುತನ್ನು ಮರೆಯಬಾರದು. 2019ರ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭಾ, ಮಾರ್ಕಂಡೇಯ ನದಿಗಳು ಉಕ್ಕಿ ಊರಿನ ತಗ್ಗಿನ ಓಣಿಗಳಿಗೆ ನುಗ್ಗಿದವು. ಹುಕ್ಕೇರಿ ತಾಲೂಕಿನಲ್ಲಿ ಹಿರಣ್ಯಕೇಶಿಯ ದಂಡೆಯ ಸಂಕೇಶ್ವರವೂ ಆ ವರ್ಷ ನೀರು ಕಂಡಿತು. ಹೊಸ ಬಣ್ಣದ ಕೆಳಗೆ ಆ ಗುರುತು ಅಡಗಿರುತ್ತದೆ. ನೆರೆಮನೆಯ ಹಿರಿಯರ ನೆನಪಿನಲ್ಲಿ ಅಡಗುವುದಿಲ್ಲ. ಹುಕ್ಕೇರಿ ಭಾಗದಲ್ಲಿ ವಿದ್ಯುತ್ ಪೂರೈಸುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಮನೆಯ ಮೀಟರಿನ ಮೇಲೆ ಹಳೆಯ ಬಾಕಿ ಇದೆಯೇ ಎಂಬುದನ್ನು ಅಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ಮೂರನೆಯದು ಕಾಗದಪತ್ರ. ಉತಾರ, ಖರೀದಿ ಪತ್ರ, ಋಣಭಾರ ಪತ್ರ ಇವುಗಳನ್ನು ವಕೀಲರಿಗೆ ತೋರಿಸದೆ ಮುಂಗಡ ಕೊಡಕೂಡದು. ಪಿತ್ರಾರ್ಜಿತ ಆಸ್ತಿಯಾಗಿದ್ದರೆ ಮಗಳಂದಿರ ಹಕ್ಕನ್ನು ಅವಶ್ಯವಾಗಿ ನೋಡಬೇಕು. 2005ರ ಕಾಯ್ದೆ ತಿದ್ದುಪಡಿಯಿಂದ ಅವರೂ ಮಗನಂತೆ ಸಮಪಾಲಿಗೆ ಅರ್ಹರು. ಗಂಡುಮಕ್ಕಳಷ್ಟೇ ಸಹಿ ಮಾಡಿದ ಪತ್ರ ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತಿಸಬಹುದು. ತಂಗಿಯ ಪಾಲನ್ನು ನುಂಗಿದ ಮನೆಯನ್ನು ಅಗ್ಗವೆಂದು ಕೊಳ್ಳುವುದು ಶರಣಧರ್ಮಕ್ಕೂ ಒಪ್ಪುವಂಥದಲ್ಲ.

ಕೊನೆಯದಾಗಿ, ನಾವು ಹೇಳಲೇಬೇಕಾದ ಮಾತೊಂದಿದೆ. ಬಾಡಿಗೆಗೆ ಕೇಳಿ ಬಂದವರನ್ನು “ನೀವು ಯಾವ ಪೈಕಿ?” ಎಂದು ಮೊದಲು ಕೇಳುವ ರೂಢಿ ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಉಳಿದಿದೆ. ಜಾತಿ ಕೇಳಿ ಮೂರು ತಿಂಗಳು ಮನೆಯನ್ನು ಖಾಲಿ ಇಟ್ಟರೆ, ಮೇಲಿನ ಲೆಕ್ಕದ ಪ್ರಕಾರ 24,000 ರೂಪಾಯಿ ಹೋಯಿತು. ಆ ಹಾನಿ ಸಣ್ಣದು. ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರನ್ನೂ ಒಟ್ಟಿಗೆ ಕೂಡಿಸಿದ ಬಸವಣ್ಣನವರ ಭಾವಚಿತ್ರವನ್ನು ಗೋಡೆಯ ಮೇಲೆ ತೂಗುಹಾಕಿ, ಹೊಸ್ತಿಲಿನಲ್ಲಿ ಕುಲ ವಿಚಾರಿಸುವುದು ದೊಡ್ಡ ಹಾನಿ. ಕೇಳಬೇಕಾದದ್ದು ಎರಡೇ: ಏನು ಕಾಯಕ, ಎಷ್ಟು ಜನ. ಬಾಡಿಗೆಯ ಕರಾರನ್ನು ಬರೆದು ಕೊಟ್ಟು, ಮುಂಗಡಕ್ಕೆ ರಸೀದಿ ಕೊಟ್ಟು, ಬಿಡುವ ದಿನ ಲೆಕ್ಕ ಮಾಡಿ ಹಿಂದಿರುಗಿಸುವ ಯಜಮಾನನ ಮನೆ ಬಹುಕಾಲ ಖಾಲಿ ಉಳಿಯದು.