ಕಪ್ಪು ಮುತ್ತು ಬೆಳೆಯೋ ಮುಂಚೆ ಅದನ್ನ ನೋಡೋದು ಕಲೀರಿ

ಕೃಷಿಹೊಂಡದಲ್ಲಿ ಮುತ್ತು ಬೆಳೀರಿ ಅನ್ನೋ ವಿಡಿಯೊಗಳು ಈಗ ಎಲ್ಲರ ಮೊಬೈಲಿನಲ್ಲೂ ಓಡಾಡ್ತಿವೆ. ಕೊಳಾರ, ಭಾಲ್ಕಿ, ಔರಾದ್ ಕಡೆಯ ಹುಡುಗರು ಕೇಳೋದು ಒಂದೇ: 'ಕಪ್ಪು ಮುತ್ತಿಗೆ ಜಾಸ್ತಿ ರೇಟಂತೆ, ಹಾಕೋಣೇನ್ರಿ?' ಉದ್ದಿನ ಕಾಳು ಹಲ್ಲಲ್ಲಿ ಕಚ್ಚಿ ತೇವ ಹೇಳುವ ನಾವು, ಮುತ್ತಿನ ವಿಷಯದಲ್ಲಿ ಮಾತ್ರ ಕೊಳ್ಳೋನು ಹೇಳಿದ್ದೇ ಗ್ರೇಡು ಅಂತ ಒಪ್ಪೋದ್ಯಾಕೆ?

ಸಹಜ ಕಪ್ಪು ಮುತ್ತು ಕೊಡೋದು ಪಿಂಕ್ಟಾಡಾ ಮಾರ್ಗರಿಟಿಫೆರಾ ಅನ್ನೋ ಕಪ್ಪುತುಟಿಯ ಚಿಪ್ಪು. ಅದು ಉಪ್ಪುನೀರಿನ ಜೀವಿ. ತಾಹಿತಿ ಸುತ್ತಲಿನ ದ್ವೀಪಗಳಲ್ಲಿ ಅದರ ದೊಡ್ಡ ಕೃಷಿ ಇದೆ, ನಮ್ಮ ಅಂಡಮಾನ್ ಕಡಲಲ್ಲೂ ಅದು ಸಿಗುತ್ತೆ. ಭುವನೇಶ್ವರದ ಸಿಫಾ ಸಂಸ್ಥೆ ಕಲಿಸುವ ಸಿಹಿನೀರಿನ ಕೃಷಿಯೇ ಬೇರೆ, ಅಲ್ಲಿ ಬಳಸೋದು ಲ್ಯಾಮೆಲಿಡೆನ್ಸ್ ಜಾತಿಯ ಕಪ್ಪೆಚಿಪ್ಪು. ಕಾರಂಜಾ ನೀರಲ್ಲಿ ಎಷ್ಟೇ ಆರೈಕೆ ಮಾಡಿದರೂ ಅದು ತಾಹಿತಿ ಕಪ್ಪು ಕೊಡಲ್ಲ. ಅಂಗಡಿಯ ಕಡುಗಪ್ಪು ಸಿಹಿನೀರಿನ ಮುತ್ತು ಸಾಮಾನ್ಯವಾಗಿ ಸಿಲ್ವರ್ ನೈಟ್ರೇಟ್ ಬಣ್ಣದ್ದು ಅಥವಾ ವಿಕಿರಣ ಕೊಟ್ಟದ್ದು. ಹಾಗಂತ ಹೇಳಿ ಮಾರಿದರೆ ತಪ್ಪಿಲ್ಲ, ರೇಟು ಮಾತ್ರ ಬಹಳ ಕಡಿಮೆ.

ಹೈದರಾಬಾದು ನಮಗೆ ಹತ್ತಿರ. ಒಂದಿನ ಚಾರ್‌ಮಿನಾರ್ ಪಕ್ಕದ ಪತ್ತರಗಟ್ಟಿಗೆ ಹೋಗಿ ಕೂತು ನೋಡ್ರಿ. ಮುತ್ತಿನ ಮೇಲೆ ಬಿದ್ದ ಟ್ಯೂಬ್‌ಲೈಟಿನ ಅಂಚು ಚೂಪಾಗಿ ಕಂಡರೆ ಹೊಳಪು ಒಳ್ಳೇದು. ಮಂಜು ಕವಿದಂತೆ ಇದ್ದರೆ ಕೆಳಗಿಡಿ. ಆಮೇಲೆ ಕಿಟಕಿ ಬೆಳಕಲ್ಲಿ, ಬಿಳಿ ಕಾಗದದ ಮೇಲೆ ಉರುಳಿಸಿ. ತಾಹಿತಿ ಮುತ್ತು ಬರೀ ಕಪ್ಪಲ್ಲ. ಬೂದು, ಹಸಿರು, ಬದನೆಬಣ್ಣ ಎಲ್ಲ ಇರುತ್ತೆ. ಹಸಿರಿನ ಮೇಲೆ ಗುಲಾಬಿ ಆಡಿದರೆ ನವಿಲುಬಣ್ಣ ಅಂತಾರೆ, ಬೇಡಿಕೆ ಅದಕ್ಕೆ. ಸರದ ಅಷ್ಟೂ ಮುತ್ತು ಅಚ್ಚೊತ್ತಿದಂತೆ ಒಂದೇ ಮಸಿಗಪ್ಪಾಗಿದ್ದರೆ ನನಗೆ ಅನುಮಾನ. ತೂತಿನ ಬಾಯಿಗೆ ಭೂತಗನ್ನಡಿ ಹಿಡೀರಿ, ಹಾಕಿದ ಬಣ್ಣ ಅಲ್ಲಿ ದಟ್ಟವಾಗಿ ನಿಂತಿರುತ್ತೆ. ಹಲ್ಲಿಗೆ ಉಜ್ಜೋ ಪರೀಕ್ಷೆ ಗಾಜು, ಪ್ಲಾಸ್ಟಿಕ್ ಹಿಡಿಯೋಕಷ್ಟೇ ಸರಿ. ಬಣ್ಣ ಹಾಕಿದ ಅಸಲಿ ಮುತ್ತೂ ತರಿತರಿಯೇ ಅನಿಸುತ್ತೆ. ಖಚಿತ ಆಗಬೇಕಂದ್ರೆ ರತ್ನ ಪರೀಕ್ಷೆಯ ಲ್ಯಾಬೇ ಗತಿ.

ಗಾತ್ರ, ದುಂಡು, ಮೈಮೇಲಿನ ಕಲೆ, ಜೋಡಿ ಹೊಂದಾಣಿಕೆ ಇವೂ ಬೆಲೆಗೆ ಸೇರುತ್ತವೆ. ಆದರೆ ಹೊಳಪು ಸತ್ತ ದೊಡ್ಡ ಮುತ್ತನ್ನ ನಾನಂತೂ ಎತ್ತಿಕೊಳ್ಳಲ್ಲ. ಹೊಳಪು ಬರೋದು ಚಿಪ್ಪು ಕಟ್ಟುವ ಪದರದಿಂದ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಕೂರಿಸಿದ ಚಿಪ್ಪಿನ ಕೆಲಸ ನೋಡಿದ್ದೀರಲ್ಲ, ಅದೇ ಪದರ. 16ನೇ ಶತಮಾನದ್ದು, ಇವತ್ತಿಗೂ ಮಿಂಚುತ್ತೆ.

ಇನ್ನು ಮರುಖರೀದಿ ಕರಾರು. 'ಎ ಗ್ರೇಡ್ ಮಾತ್ರ ಕೊಳ್ಳುತ್ತೇವೆ' ಅಂತ ಇದ್ದರೆ ನಿಂತು ಕೇಳಿ. ಮುತ್ತಿಗೆ ಜಗತ್ತಿನಾದ್ಯಂತ ಒಪ್ಪಿದ ಎ, ಬಿ, ಸಿ ಗ್ರೇಡ್ ಇಲ್ಲವೇ ಇಲ್ಲ, ಅಂಗಡಿಗೊಂದು ಲೆಕ್ಕ. ಎಷ್ಟು ಮಿಲಿಮೀಟರ್, ಎಂಥ ಹೊಳಪು, ಉಳಿದ ಮುತ್ತಿಗೆ ಎಷ್ಟು, ಬಣ್ಣ ಹಾಕೋ ಖರ್ಚು ಯಾರದು ಇಷ್ಟೂ ಕಾಗದದ ಮೇಲೆ ಬರಲಿ. ಇಲ್ಲಾಂದ್ರೆ ಸಹಿ ಬೇಡ. ಚಿಪ್ಪಿಗೆ ಬೀಜ ಕೂರಿಸಿದ ಮೇಲೆ 12ರಿಂದ 18 ತಿಂಗಳು ಕಾಯಬೇಕು, ನಡುವೆ ಒಂದು ಬೇಸಿಗೆಯಂತೂ ದಾಟಲೇಬೇಕು. ಏಪ್ರಿಲ್‌ನಲ್ಲಿ ನಿಮ್ಮ ಹೊಂಡದಲ್ಲಿ ಎಷ್ಟು ನೀರು ನಿಲ್ಲುತ್ತೆ ಅಂತ ನಿಮಗೇ ಗೊತ್ತು.