ಡೆಸಿಬಲ್ ಲೆಕ್ಕದ ಶಾಂತಿ

ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ಶಾಂತ ವಲಯವೆಂದು ಸರ್ಕಾರ ಸಾರಿದ ಕಡೆ ಹಗಲು 50, ರಾತ್ರಿ 40 ಡೆಸಿಬಲ್ ಮೀರಬಾರದು. ವಸತಿ ಪ್ರದೇಶಕ್ಕೆ 55 ಮತ್ತು 45. ಇದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ಕಾಗದದ ಮೇಲೆ ರೋಣದವರ ನಿದ್ದೆಗೂ ಕಾವಲಿದೆ ಅನ್ನಿ!

ಅಳೆಯುವವರು ಯಾರು? ಹತ್ತು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಏರಿದರೆ ನೂರು ಪಟ್ಟು. ಧ್ವನಿವರ್ಧಕದ ಗುಂಡಿ ತಿರುವೋ ಹುಡುಗನಿಗೆ ಇದು ಗೊತ್ತಿಲ್ಲ. ಒಳಗೆ ಮಲಗಿದ ಹಸಿ ಬಾಣಂತಿಗೆ ಗೊತ್ತು. ಮದುವೆ ಮೆರವಣಿಗೆ, ಜಾತ್ರೆ, ಚುನಾವಣೆ ಯಾವುದಿದ್ದರೂ 'ಒಂದ್ ದಿನದ್ ಮಾತೈತಿ, ತಡಕೋರಿ' ಎಂಬ ಉತ್ತರ ಸಿದ್ಧ. ಪರೀಕ್ಷೆಗೆ ಓದೋ ಮಕ್ಕಳಿಗೆ ಆ 'ಒಂದ್ ದಿನ' ವರ್ಷಕ್ಕೆ ಎಷ್ಟು ಸಲ ಬರಬೇಕು? ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕೆಂದು ಅದೇ ನಿಯಮ ಹೇಳುತ್ತದೆ. ದೂರು ಬಂದ ಮೇಲಲ್ಲ, ಅನುಮತಿ ಕೊಡುವಾಗಲೇ ಜಾಗ, ವೇಳೆ ನೋಡಲಿ.

ಆದರೆ ಮೀಟರಿಗೆ ತಿಳಿಯದ ಸಂಗತಿಯೂ ಒಂದಿದೆ. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಗಜೇಂದ್ರಗಡ ಸೀಮೆಯ ತಾಂಡಾಗಳಿಗೆ ಹೋಗಿ ನೋಡಿ. ದುಡಿಯುವವರೆಲ್ಲ ಮಂಗಳೂರು, ಗೋವಾ ಕಡೆ ಗುಳೆ ಹೋಗಿರುತ್ತಾರೆ. ಬಾಗಿಲಿಗೆ ಕೀಲಿ, ಕಟ್ಟೆ ಮೇಲೆ ಮುದುಕಿ, ಮಗ್ಗುಲಲ್ಲಿ ಮೊಮ್ಮಗು. ಅಲ್ಲಿ ಮೀಟರ್ ಇಟ್ಟರೆ ಲೆಕ್ಕ ಸರ್ಕಾರದ ಮಿತಿಯೊಳಗೇ ಬಂದೀತು. ಅದನ್ನ ಶಾಂತಿ ಅಂತ ಬರಕೊಳ್ಳೋದೇನು? ಸುಗ್ಗಿಯಲ್ಲಿ ರಾಶಿ ಮಷಿನ್ ರಾತ್ರಿಯೆಲ್ಲ ಗಡಗಡ ಅಂದರೂ ಊರು ನೆಮ್ಮದಿಯಾಗಿ ಮಲಗುತ್ತದೆ. ಬೇಸಿಗೆಗೆ ಮುಂಚೆಯೇ ಊರಲ್ಲಿ ಕೂಲಿ ಕೆಲಸ ಶುರು ಮಾಡಿದರೆ ಆ ಕೀಲಿಗಳಲ್ಲಿ ಕೆಲವಾದರೂ ತೆರೆದಾವು.